ಹುಲಿಯ, ಕಿವಿ, ಚಾರ್ಲಿ ಮತ್ತು ಒಂದು ‘ಬಾ’

ನಮ್ಮ ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆ ಆಯ್ತು. ಅದಕ್ಕೆ ಕುವೆಂಪು ಹೆಸರಿಟ್ಟಾಗ ಬೇರೆಯವರಿಗೆ ನಾಡಗೀತೆ ನೆನಪಾಗಿರಬಹುದು. ನನಗೆ ನೆನಪಾದದ್ದು ಹುಲಿಯ. ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಹೇಳಬೇಕಾಗಿಲ್ಲ, ನಾಯಿಗುತ್ತಿಯ ನಾಯಿ. ಕನ್ನಡದಲ್ಲಿ ಇಷ್ಟು ದೊಡ್ಡ ಪಾತ್ರ ಸಿಕ್ಕ ನಾಯಿ ಇನ್ನೊಂದಿಲ್ಲ. 1967ರ ಆ ಕಾದಂಬರಿಯ ಕೊನೆಗೆ, ತುಂಬಿ ಹರಿಯುವ ತುಂಗೆಯಲ್ಲಿ ಅದು ಕೊಚ್ಚಿಹೋಗುತ್ತದೆ.

ಇದೆಲ್ಲ ಯಾಕೆ ಅಂದ್ರೆ, ಒಂದೂವರೆ ವರ್ಷದಿಂದ ನಾನು ನಮ್ಮನೆ ನಾಯಿಗೆ ಹಗ್ಗ ಬಿಚ್ಚಿದ ಮೇಲೂ ಕರೆದರೆ ಬರೋದನ್ನ ಕಲಿಸ್ತಿದ್ದೇನೆ. ಬೆಳಗಿನ ಹೊತ್ತು ಬಯಲು, ಅದರಾಚೆ ರಸ್ತೆ, ರಸ್ತೆ ಮೇಲೆ ವಿಮಾನ ತಪ್ಪೀತು ಅಂತ ಓಡುವ ಟ್ಯಾಕ್ಸಿಗಳು. ಕಲಿಸುವಾಗ ಯೂಟ್ಯೂಬ್ ನೋಡಿದೆ, ಎಲ್ಲರೂ ನೋಡ್ತಾರೆ. ಆದರೆ ತಲೆಯಲ್ಲಿ ಓಡ್ತಾ ಇದ್ದದ್ದು ಕನ್ನಡದ ನಾಯಿಗಳು. ನಮ್ಮ ಬರಹ, ನಮ್ಮ ಸಿನಿಮಾ ಈ ‘ಬಾ’ ಅನ್ನೋ ಒಂದಕ್ಷರವನ್ನು ಎಷ್ಟು ಅರ್ಥ ಮಾಡಿಕೊಂಡಿವೆ?

ಹಳೆಯ ಕಾಲದಿಂದಲೇ ನೋಡೋಣ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೇ ಶತಮಾನದ ಶಾಸನ ಒಂದು ಬೇಟೆನಾಯಿಯ ಹೆಸರು ಹೇಳುತ್ತದೆ: ಕಾಳಿ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರ ಅನ್ನುವ ವೀರ, ಅರಸ ಮೆಚ್ಚಿ ಏನು ಬೇಕು ಕೇಳು ಅಂದಾಗ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿಯನ್ನು ಕೇಳಿದ. ಆಮೇಲೆ ಅದನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟ. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಗೂ ನಾಯಿಗೂ ನಡೆದ ಕಾಳಗ ಅದರ ಮೇಲೆಯೇ ಕೆತ್ತಿದೆ. ಹಗ್ಗದ ನಾಯಿಯ ಒಡೆಯನಾಗಿ ನನಗೆ ಅಲ್ಲೊಂದು ಪ್ರಶ್ನೆ ಏಳುತ್ತದೆ. ಹಂದಿ ತಿರುಗಿ ಬಿದ್ದಾಗ ಮಣಲೇರ ಕಾಳಿಯನ್ನು ವಾಪಸ್ ಕರೆದನೋ ಇಲ್ಲವೋ? ಶಾಸನಕ್ಕೆ ಅದು ಬೇಕಿಲ್ಲ. ಬೇಟೆ ಬಿಟ್ಟು ತಿರುಗಿ ಬಂದ ನಾಯಿಗೆ ಯಾರು ಕಲ್ಲು ಹಾಕಿಸ್ತಾರೆ?

ಈ ಅಭ್ಯಾಸ ನಮಗೆ ಇನ್ನೂ ಹೋಗಿಲ್ಲ. ನಾಯಿ ಅಂದ್ರೆ ನಿಯತ್ತು, ನಿಯತ್ತು ಅಂದ್ರೆ ಹಿಂದೆ ಹಿಂದೆ ಬರೋದು, ಕೊನೆಗೆ ಸಾಯೋದು. ಮಹಾಪ್ರಸ್ಥಾನದಲ್ಲಿ ಧರ್ಮರಾಯನ ಹಿಂದೆ ಹೋದ ನಾಯಿಯೂ ಕರೆಯದೇ ಹೋದದ್ದು. ಆದರೆ ಹಿಂದೆ ಬರೋದಕ್ಕೂ ಕರೆದಾಗ ತಿರುಗಿ ಬರೋದಕ್ಕೂ ಬಹಳ ಅಂತರ ಇದೆ. ಹಿಂದೆ ಬರೋ ನಾಯಿಗೆ ಅದೇ ಇಷ್ಟದ ಕೆಲಸ. ತಿರುಗಿ ಬರೋ ನಾಯಿ ತನಗೆ ಇಷ್ಟವಾದದ್ದನ್ನು, ಅಂದರೆ ಓಡುವ ಮುಂಗುಸಿಯನ್ನು, ಹಾರುವ ನವಿಲನ್ನು, ಇನ್ನೊಂದು ನಾಯಿಯ ಬಾಲವನ್ನು, ಬಿಟ್ಟು ಬರಬೇಕು. ಪ್ರೀತಿ ಒಂದರಿಂದಲೇ ಅದು ಆಗೋದಿಲ್ಲ. ಬಂದರೆ ಲಾಭ ಇದೆ ಅಂತ ಅದಕ್ಕೆ ನೂರು ಸಲ ಗೊತ್ತಾಗಬೇಕು.

ಇದನ್ನು ನಮ್ಮಲ್ಲಿ ಚೆನ್ನಾಗಿ ಬಲ್ಲದ್ದು ನಾಯಿಯ ಕತೆಯೇ ಅಲ್ಲ, ಗೋವಿನ ಹಾಡು. ಅಲ್ಲಿ ಗೊಲ್ಲ ಮಾವಿನ ಮರದ ಕೆಳಗೆ ಕೂತು ಕೊಳಲೂದಿ ಒಂದೊಂದು ಹಸುವನ್ನೂ ಹೆಸರು ಹಿಡಿದು ಕರೀತಾನೆ, ಅವು ಬರ್ತವೆ. ಶಾಲೆಯಲ್ಲಿ ಇದನ್ನು ಮುದ್ದು ಚಿತ್ರ ಅಂತ ಕಲಿಸಿದರು. ತುಂಬಿದ ಕೆಚ್ಚಲಿನ ಹಸುವಿಗೆ ಹಾಲು ಕರೆಸಿಕೊಳ್ಳೋದು ನೆಮ್ಮದಿ, ದೊಡ್ಡಿಯಲ್ಲಿ ಕರು ಕಾಯ್ತಿರ್ತದೆ. ಕರೆದವನ ಹತ್ತಿರ ಹೋದರೆ ಒಳ್ಳೆಯದಾಗ್ತದೆ ಅನ್ನೋದು ಆ ಹಸುಗಳಿಗೆ ದಿನಾ ಸಂಜೆ ಖಾತ್ರಿ. ಇದಕ್ಕಿಂತ ಒಳ್ಳೆ ತರಬೇತಿ ಕ್ರಮ ನನಗೆ ಎಲ್ಲೂ ಸಿಗಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಹೆಸರು, ಕರೆಯೋದಕ್ಕೆ ಒಂದೇ ಜಾಗ, ಒಂದೇ ಸದ್ದು, ಬಂದ ಮೇಲೆ ತಪ್ಪದ ಫಲ.

ಈಗ 777 ಚಾರ್ಲಿ. 2022ರ ಜೂನ್‌ನಲ್ಲಿ ಬಂದ ಕಿರಣ್‌ರಾಜ್ ಅವರ ಚಿತ್ರ. ನಾನೂ ಅತ್ತೆ, ಆಗಿನ ಮುಖ್ಯಮಂತ್ರಿಗಳೂ ಅತ್ತರು, ಅದರಲ್ಲಿ ನಾಚಿಕೆ ಏನಿಲ್ಲ. ನಾಯಿಗಳನ್ನು ಒಳಸಂಬಂಧದಲ್ಲಿ ಹುಟ್ಟಿಸಿ ಮಾರುವವರ ಬಗ್ಗೆ ಅದು ನೇರವಾಗಿ ಮಾತಾಡಿದ್ದು ದೊಡ್ಡ ಕೆಲಸ. ಆದರೂ ತಕರಾರು ಇದೆ. ಚಿತ್ರದಲ್ಲಿ ಧರ್ಮ ಓಡಿಸಿದಷ್ಟೂ ಚಾರ್ಲಿ ಬರ್ತಾಳೆ. ಬಯ್ದರೂ ಬರ್ತಾಳೆ. ನೋಡಿದವರಿಗೆ ಅನ್ನಿಸೋದು, ನಾಯಿ ಅಂದ್ರೆ ಹೀಗೇ, ನಾವೇನೂ ಮಾಡಬೇಕಾಗಿಲ್ಲ, ಅದು ನಮ್ಮನ್ನು ಆರಿಸಿಕೊಂಡರೆ ಸಾಕು. ಪರದೆ ಮೇಲಿನ ಆ ಒಂದೊಂದು ಬರುವಿಕೆಯ ಹಿಂದೆ ಕ್ಯಾಮೆರಾದ ಪಕ್ಕದಲ್ಲಿ ತರಬೇತುದಾರ ನಿಂತಿದ್ದಾರೆ. ತಿಂಗಳುಗಟ್ಟಲೆ ಪ್ರತಿ ‘ಬಾ’ಗೂ ಏನಾದರೂ ಕೊಟ್ಟು ಕಟ್ಟಿದ ಕೆಲಸ ಅದು. ಚಿತ್ರ ಅದನ್ನು ಪ್ರೀತಿಯ ಲೆಕ್ಕಕ್ಕೆ ಬರೆದುಕೊಂಡಿತು. ಸಿನಿಮಾಗೆ ಅದು ಬೇಕಾಗ್ತದೆ, ಒಪ್ಪೋಣ. ನಮ್ಮ ಬೀದಿಗೆ ಮಾತ್ರ ಅದರಿಂದ ಕಷ್ಟ.

ನಮ್ಮ ಬೀದಿಯಲ್ಲಿ ಆಮೇಲೆ ಎರಡು ಲ್ಯಾಬ್ರಡಾರ್ ಬಂದವು, ಎರಡಕ್ಕೂ ಚಾರ್ಲಿ ಅಂತಲೇ ಹೆಸರು. ಒಂದು ದಿನ ಅದರಲ್ಲೊಂದು ಗೇಟು ತೆರೆದಿದ್ದಾಗ ರಸ್ತೆಯಾಚೆ ಹೋಯಿತು. ಮನೆಯಾತ ಈಚೆ ದಡದಿಂದ ಜೋರಾಗಿ ಕರೆದ. ಪಾಪದ್ದು, ಬಂತು. ನೇರವಾಗಿ ಬಂತು, ಎಡಬಲ ನೋಡದೆ. ಲಾರಿಯವನು ಬ್ರೇಕ್ ಹಾಕಿದ ಸದ್ದಿಗೆ ಎಲ್ಲರೂ ಹೊರಗೆ ಬಂದೆವು. ನಾಯಿ ಉಳೀತು. ಹೆದರಿದ ಮನುಷ್ಯ ಕಾಲಬುಡಕ್ಕೆ ಬಂದ ನಾಯಿಗೆ ಚಪ್ಪಲಿಯಲ್ಲಿ ನಾಲ್ಕು ಬಾರಿಸಿದ. ಮರುವಾರದಿಂದ ಅದು ಕರೆದರೆ ಹತ್ತು ಅಡಿ ದೂರದಲ್ಲಿ ನಿಂತು ಬಾಲ ಒಳಗೆ ಹಾಕಿ ನೋಡ್ತದೆ. ಮನೆಯವರು ‘ನಾಯಿ ಬಾಲ ಡೊಂಕೇ’ ಅಂತಾರೆ. ಬಾಲದ್ದೇನು ತಪ್ಪು ಮಾರಾಯ್ರೆ, ಅದು ಕರೆದದ್ದಕ್ಕೆ ಬಂದು ಹೊಡೆತ ತಿಂದದ್ದು.

ಈ ಲಾರಿಯ ನಂತರವೇ ನನಗೆ ಹುಲಿಯನ ಸಾವು ಬೇರೆ ರೀತಿ ಓದಿಸಿಕೊಂಡಿತು. ಅದನ್ನು ಸ್ವಾಮಿಭಕ್ತಿಯ ಪರಾಕಾಷ್ಠೆ ಅಂತ ಓದೋದು ರೂಢಿ. ಹಾಗೆ ಓದಿದರೆ ಹುಲಿಯ ಇನ್ನೊಂದು ಕಾಳಿ ಆಗ್ತದೆ ಅಷ್ಟೇ. ಗುತ್ತಿ ಜೀತದ ಆಳು. ಅವನ ಲೋಕದಲ್ಲಿ ಕರೆದರೆ ಬರಬೇಕಾದದ್ದು ನಾಯಿ ಮಾತ್ರವಲ್ಲ, ಗೌಡರು ಕೂಗಿದರೆ ಅವನೂ ಓಡಬೇಕು. ಅವನು ತಿಮ್ಮಿಯನ್ನು ಕರ್ಕೊಂಡು ಹೊಳೆ ದಾಟೋದು ಆ ಕೂಗು ಕಿವಿಗೆ ಬೀಳದ ಕಡೆಗೆ. ಹಾಗೆ ತಪ್ಪಿಸಿಕೊಳ್ಳುವವನ ಹಿಂದೆ, ಕರೆಗೆ ಯಾವತ್ತೂ ಇಲ್ಲ ಅನ್ನದ ಒಂದು ಪ್ರಾಣಿ ಹೊಳೆಗಿಳಿದಿದೆ. ಒಡೆಯ ಆಚೆ ದಡದ ಕಡೆಗೆ ಹೋಗೋದೇ ಅದಕ್ಕೆ ಕರೆ. ಕುವೆಂಪು ಇಲ್ಲಿ ನಾಯಿಯನ್ನು ಹೊಗಳ್ತಿಲ್ಲ ಅನ್ನೋದು ನನ್ನ ಓದು. ನಾಯಿಯ ಮೇಲೆ ನಾವು ಕಟ್ಟಿದ ಆ ಕರೆಯ ಬೆಲೆ ಎಷ್ಟು ಅಂತ ತೋರಿಸ್ತಿದ್ದಾರೆ. ತುಂಗೆ ಇದ್ದಲ್ಲಿ ರಸ್ತೆ ಇಟ್ಟು ನೋಡಿ.

ತೇಜಸ್ವಿಯವರ ಕಿವಿಗೆ ಇಂಥ ಭಾರ ಇಲ್ಲ, ಅದಕ್ಕೇ ಅದು ಬದುಕಿರುವ ನಾಯಿಯ ಹಾಗೆ ಕಾಣೋದು. ‘ಕರ್ವಾಲೊ’ದಲ್ಲಾಗಲಿ ‘ಪರಿಸರದ ಕತೆ’ಯಲ್ಲಾಗಲಿ ಕಿವಿಗೆ ತನ್ನದೇ ಮೂಗು, ತನ್ನದೇ ತರಲೆ. ಅಪ್ಪ ನಾಯಿಯನ್ನು ಮಹಾಕಾವ್ಯದ ಒಳಗೆ ತಂದರು, ಮಗ ಅದನ್ನು ತೋಟಕ್ಕೆ ಬಿಟ್ಟರು. ಮೂಗು ನೆಲಕ್ಕಿಟ್ಟ ನಾಯಿಗೆ ಕಿವಿ ಕೇಳೋದಿಲ್ಲ ಅನ್ನೋದು ನಾಯಿ ಸಾಕಿದ ಯಾರಿಗೂ ಗೊತ್ತು. ತೇಜಸ್ವಿ ಅದನ್ನು ನಾಯಿಯ ಅವಿಧೇಯತೆ ಅಂತ ದೂರೋದಿಲ್ಲ. ಮುಧೋಳ ನಾಯಿ ಸಾಕಿದವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಅದು ಕಣ್ಣಿನ ಬೇಟೆಗಾರ. ಮೊಲ ಎದ್ದ ಮೇಲೆ ಕರೆಯೋದು ಬಸ್ಸು ಹೋದ ಮೇಲೆ ಕೈ ಅಡ್ಡ ಹಾಕಿದ ಹಾಗೆ. ಕರೆಯೋದಿದ್ರೆ ಅದರ ಕಿವಿ ನೆಟ್ಟಗಾಗುವ ಕ್ಷಣದಲ್ಲಿ ಕರೀಬೇಕು.

ನಮ್ಮನೆಯಲ್ಲಿ ‘ಬಾ’ ಅನ್ನೋ ಶಬ್ದವನ್ನೇ ಕೈಬಿಟ್ಟೆವು. ದಿನಕ್ಕೆ ನೂರು ಸಲ ಯಾರ್ಯಾರಿಗೋ ಬಾ ಅಂತೇವೆ, ಊಟಕ್ಕೆ ಬಾ, ಸ್ನಾನಕ್ಕೆ ಬಾ, ಅದರಲ್ಲಿ ನಾಯಿಗೆ ಯಾವುದು ತನ್ನದು ಅಂತ ಹೇಗೆ ಗೊತ್ತಾಗಬೇಕು? ಮಲೆನಾಡಿನ ಹಳೇ ‘ಕ್ರೂ ಕ್ರೂ’ ಹಿಡಿದುಕೊಂಡೆವು. ಮೊದಲು ಅಡುಗೆಮನೆಯಲ್ಲಿ, ಆಮೇಲೆ ಅಂಗಳದಲ್ಲಿ, ಆಮೇಲೆ ಬಯಲಲ್ಲಿ ಹದಿನೈದು ಮೀಟರ್ ಹಗ್ಗ ನೆಲದ ಮೇಲೆ ಎಳೆದುಕೊಂಡು ಓಡಾಡಲು ಬಿಟ್ಟು. ಒಂದು ಸಲ ಮಾತ್ರ ಕರೆಯೋದು. ಬರದಿದ್ದರೆ ಮತ್ತೆ ಕೂಗದೆ ಆಚೆ ಕಡೆಗೆ ಓಡೋದು. ಅಟ್ಟಿಸಿಕೊಂಡು ಹೋದರೆ ಅದಕ್ಕೆ ಆಟ, ನಾವು ಓಡಿದರೆ ಅದೇ ಅಟ್ಟಿಸಿಕೊಂಡು ಬರ್ತದೆ. ಬಂದರೆ ಬೇಯಿಸಿದ ಕೋಳಿ ಲಿವರ್ ಚೂರು, ಕೊಟ್ಟು ಮತ್ತೆ ಆಡೋಕೆ ಬಿಡೋದು. ಹತ್ತರಲ್ಲಿ ಒಂಬತ್ತು ಸಲ ಹೀಗೆ ಬಿಟ್ಟರೇ ಹತ್ತನೇ ಸಲ ಮನೆಗೆ ಅಂತ ಹಗ್ಗ ಹಾಕಿದಾಗ ಅದಕ್ಕೆ ಮೋಸ ಅನ್ನಿಸೋದಿಲ್ಲ. ಸ್ನಾನಕ್ಕೆ, ಔಷಧಿಗೆ, ಬಯ್ಯೋದಕ್ಕೆ ‘ಕ್ರೂ ಕ್ರೂ’ ನಿಷೇಧ, ಅವಕ್ಕೆಲ್ಲ ನಾವೇ ಅದರ ಹತ್ತಿರ ಹೋಗ್ತೇವೆ.

ಮತ್ತೆ ಇನ್ನೊಂದು ಶಬ್ದ ಕಲಿಸಿದ್ದೇವೆ, ‘ನಿಲ್ಲು’. ರಸ್ತೆಯಾಚೆ ಇದ್ದಾಗ ಅದನ್ನು ಕರೆಯೋದಿಲ್ಲ. ನಿಲ್ಲು ಅಂದು, ಎಡಕ್ಕೆ ಬಲಕ್ಕೆ ನೋಡಿ, ಟ್ಯಾಕ್ಸಿಗಳು ಹೋಗಲಿ ಅಂತ ಕಾದು, ನಾವೇ ದಾಟಿ ಹೋಗ್ತೇವೆ.