ಬೆಳೆಸಿದವರು ಯಾರು?

ಅಮೆರಿಕದ ಮಕ್ಕಳ ಸಾಕರ್ ಲೀಗುಗಳ ಹೆಸರುಗಳನ್ನು ಒಮ್ಮೆ ಸಾಲಾಗಿ ಓದಿ ನೋಡಿ: ಡೆವಲಪ್‌ಮೆಂಟ್ ಅಕಾಡೆಮಿ, ಎಲೀಟ್ ಕ್ಲಬ್ಸ್ ನ್ಯಾಷನಲ್ ಲೀಗ್, ಎಂಎಲ್‌ಎಸ್ ನೆಕ್ಸ್ಟ್, ಗರ್ಲ್ಸ್ ಅಕಾಡೆಮಿ. ಚೆಂಡಿನ ಸುಳಿವು ಸಿಗುವುದೇ ಕಷ್ಟ. ಫುಟ್‌ಬಾಲ್ ಗೊತ್ತಿಲ್ಲದವರ ಕೈಗೆ ಈ ಪಟ್ಟಿ ಕೊಟ್ಟರೆ ಯಾವುದೋ ಕೋಚಿಂಗ್ ಸೆಂಟರ್‌ಗಳಿರಬೇಕು ಎಂದುಕೊಂಡಾರು. ಅವರ ಊಹೆ ತೀರಾ ತಪ್ಪೂ ಅಲ್ಲ.

ಇವುಗಳಲ್ಲಿ ನನ್ನನ್ನು ಕಾಡುವುದು ‘ಡೆವಲಪ್‌ಮೆಂಟ್’ ಎಂಬ ಪದ. ಇಂಗ್ಲಿಷಿನಲ್ಲಿ ಈ ನಾಮಪದಕ್ಕೆ ಕರ್ತೃವಿನ ಹಂಗಿಲ್ಲ. ಕನ್ನಡದಲ್ಲಿ ಹೇಳಹೊರಟರೆ ನಾವು ತೀರ್ಮಾನಿಸಲೇಬೇಕು: ಹುಡುಗಿ ತಾನೇ ಬೆಳೆದಳೋ, ಅವಳನ್ನು ಬೆಳೆಸಿದರೋ? ಬೆಳೆಸಿದ್ದಾದರೆ ಯಾರು, ಯಾರ ದುಡ್ಡಿನಲ್ಲಿ? ಅಲ್ಲಿನ ಕ್ಲಬ್‌ಗಳ ಭಾಷೆ ಸದಾ ಜಾರಿಕೊಳ್ಳುವುದು ಈ ಪ್ರಶ್ನೆಯಿಂದಲೇ.

2007ರಲ್ಲಿ ಅಮೆರಿಕದ ಸಾಕರ್ ಫೆಡರೇಷನ್ ಹುಡುಗರಿಗಾಗಿ ಡೆವಲಪ್‌ಮೆಂಟ್ ಅಕಾಡೆಮಿ ಶುರುಮಾಡಿತು. ಹುಡುಗಿಯರಿಗೆ ಅಂಥದ್ದೇನೂ ಇರಲಿಲ್ಲ. 2009ರಲ್ಲಿ ಕ್ಲಬ್‌ಗಳೇ ಸೇರಿ ಹುಡುಗಿಯರಿಗೆಂದು ಎಲೀಟ್ ಕ್ಲಬ್ಸ್ ನ್ಯಾಷನಲ್ ಲೀಗ್, ಅಂದರೆ ಇಸಿಎನ್‌ಎಲ್, ಕಟ್ಟಿದವು. ಅದು ನಿಜವಾದ ಕೊರತೆಯನ್ನು ತುಂಬಿದ ಕೆಲಸ, ಒಪ್ಪಬೇಕು. ಆಮೇಲೆ ಪೈಪೋಟಿ. 2017ರಲ್ಲಿ ಫೆಡರೇಷನ್ ಹುಡುಗಿಯರ ಅಕಾಡೆಮಿ ತೆರೆಯಿತು. ಅದೇ ವರ್ಷ ಇಸಿಎನ್‌ಎಲ್ ಹುಡುಗರ ವಿಭಾಗ ತೆರೆಯಿತು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ನಡುವೆ, ಫೆಡರೇಷನ್ ತನ್ನ ಅಂಗಡಿಯನ್ನೇ ಮುಚ್ಚಿತು. ಖಾಲಿಯಾದ ಜಾಗಕ್ಕೆ ಅದೇ ವರ್ಷ ಎಂಎಲ್‌ಎಸ್ ನೆಕ್ಸ್ಟ್ ಮತ್ತು ಗರ್ಲ್ಸ್ ಅಕಾಡೆಮಿ ಬಂದವು. ಎಷ್ಟೋ ಮಕ್ಕಳಿಗೆ ಮೈದಾನ ಅದೇ, ಕೋಚ್ ಅದೇ. ಬದಲಾದದ್ದು ತೋಳಿನ ಮೇಲಿನ ಬ್ಯಾಡ್ಜ್ ಮಾತ್ರ.

ಅಕಾಡೆಮಿಯ ಒಂದು ನಿಯಮ ನನಗೆ ಇಡೀ ಕಥೆಯ ತಿರುಳಿನಂತೆ ಕಾಣುತ್ತದೆ. 2012ರಿಂದ ಅದರ ಋತು ಹತ್ತು ತಿಂಗಳಿನದಾಯಿತು. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅಲ್ಲಿ ಆಡುವ ಹುಡುಗ ತನ್ನ ಹೈಸ್ಕೂಲ್ ತಂಡಕ್ಕೆ ಆಡುವಂತಿರಲಿಲ್ಲ. ಹೈಸ್ಕೂಲ್ ಪಂದ್ಯವೆಂದರೆ ಸಹಪಾಠಿಗಳು, ಮೇಷ್ಟ್ರು, ಪಕ್ಕದ ಮನೆಯವರು ಬಂದು ಕೂಗುವ ಪಂದ್ಯ. ಅಲ್ಲಿ ಆಟದ ಮಟ್ಟ ಕಡಿಮೆ, ಚೆಂಡನ್ನು ಎತ್ತೆತ್ತಿ ಒದೆಯುತ್ತಾರೆ ಎಂಬ ದೂರು ಸುಳ್ಳೇನಲ್ಲ. ಆದರೆ ಹದಿನಾರರ ಹುಡುಗ ತನ್ನ ಊರಿನ ಕಣ್ಣೆದುರು ಆಡುವುದರಲ್ಲಿ ಬೆಳೆಯುವಂಥದ್ದು ಏನೂ ಇಲ್ಲವೆಂದು ತೀರ್ಮಾನಿಸಿದವರಿಗೆ ‘ಬೆಳವಣಿಗೆ’ ಎಂದರೆ ಏನಾಗಿತ್ತು?

ಈ ಲೀಗುಗಳು ಸೆಣಸುವುದು ಕಪ್‌ಗಾಗಿ ಅಷ್ಟೇ ಅಲ್ಲ, ಅಪ್ಪ ಅಮ್ಮಂದಿರಿಗಾಗಿ. ಶುಲ್ಕ, ವಿಮಾನದ ಟಿಕೆಟ್, ಹೋಟೆಲು ಎಲ್ಲವೂ ಬಹುಪಾಲು ಮನೆಯವರ ಜೇಬಿನಿಂದ. ಕಾಲೇಜು ಕೋಚ್‌ಗಳು ಬಂದು ನೋಡುವ ‘ಶೋಕೇಸ್’ ಟೂರ್ನಿಗಳೇ ದೊಡ್ಡ ಆಕರ್ಷಣೆ. (ಗಾಜಿನ ಹಿಂದೆ ಸಾಮಾನು ಜೋಡಿಸಿಡುವ ಪದವನ್ನು ಮಕ್ಕಳಿಗೆ ಬಳಸಿ ಯಾರೂ ನಾಚಿದ ಹಾಗಿಲ್ಲ.) ಹಾಗಾಗಿ ಕ್ಲಬ್‌ಗೆ ಲಾಭ ಇರುವುದು ಪಕ್ಕದ ಊರಿನಲ್ಲಿ ಆಗಲೇ ಚೆನ್ನಾಗಿ ಆಡುತ್ತಿರುವ ಮಗುವನ್ನು ಸೆಳೆದುಕೊಳ್ಳುವುದರಲ್ಲಿ. ಇದು ಆರಿಸುವ ಕೆಲಸ. ಬೆಳೆಸುವುದು ಎಂದು ಅದನ್ನು ಕರೆಯುತ್ತಾರೆ.

ಬೆಳೆಸಿದವರಿಗೆ ಪಾಲು ಕೊಡುವ ದಾರಿ ಇಲ್ಲವೆಂದಲ್ಲ. ಆಟಗಾರನೊಬ್ಬ ದೇಶ ದಾಟಿ ಮಾರಾಟವಾದಾಗ, ಹನ್ನೆರಡರಿಂದ ಇಪ್ಪತ್ತಮೂರರ ವಯಸ್ಸಿನವರೆಗೆ ಅವನನ್ನು ತರಬೇತುಗೊಳಿಸಿದ ಕ್ಲಬ್‌ಗಳಿಗೆ ವರ್ಗಾವಣೆ ಹಣದ ಶೇ. 5 ಹಂಚಬೇಕೆನ್ನುತ್ತದೆ ಫಿಫಾ ನಿಯಮ. ಅಮೆರಿಕದಲ್ಲಿ ಕಾನೂನಿನ ತೊಡಕು ಎಂಬ ಕಾರಣಕ್ಕೆ ಅದು ವರ್ಷಗಟ್ಟಲೆ ಜಾರಿಯಾಗಲಿಲ್ಲ. ಡಿಆಂಡ್ರೆ ಯೆಡ್ಲಿನ್ 2014ರಲ್ಲಿ ಸಿಯಾಟಲ್‌ನಿಂದ ಟಾಟೆನ್‌ಹ್ಯಾಮ್‌ಗೆ ಹೋದಾಗ, ಅವನು ಹುಡುಗನಾಗಿ ಆಡಿದ್ದ ಕ್ರಾಸ್‌ಫೈರ್ ಪ್ರೀಮಿಯರ್ ಎಂಬ ಕ್ಲಬ್ ತನ್ನ ಪಾಲು ಕೇಳಿ ಫಿಫಾ ಬಾಗಿಲು ತಟ್ಟಬೇಕಾಯಿತು. 2019ರಲ್ಲಿ ಎಂಎಲ್‌ಎಸ್ ನಿಲುವು ಬದಲಿಸಿ, ತಾನೂ ಇಂಥ ಹಣ ಕೇಳುವುದಾಗಿ ಹೇಳಿತು. ಅದರ ತಂಡಗಳು ನಡೆಸುವ ಅಕಾಡೆಮಿಗಳಲ್ಲಿ ಬಹುತೇಕ ಕಡೆ ಮಕ್ಕಳಿಂದ ಶುಲ್ಕ ಪಡೆಯುವುದಿಲ್ಲ. ಮುಂದೆ ಮಾರಬಹುದಾದ ಮಗುವಿಗೆ ಖರ್ಚು ಮಾಡುವವರಿದ್ದಾರೆ. ಮಾರಲಾಗದ ಮಗುವಿನ ಖರ್ಚು ಈಗಲೂ ಮನೆಯವರದೇ.

ಕ್ಲಿಂಟ್ ಡೆಂಪ್ಸಿ ಟೆಕ್ಸಸ್‌ನ ನಾಕಡೋಚಸ್‌ನವನು. ಅಮೆರಿಕದ ಪುರುಷರ ತಂಡಕ್ಕೆ 57 ಗೋಲು ಹೊಡೆದು ಲ್ಯಾಂಡನ್ ಡೊನೊವನ್‌ನ ದಾಖಲೆ ಸರಿಗಟ್ಟಿದವನು. ಹುಡುಗನಾಗಿದ್ದಾಗ ಡಲ್ಲಾಸ್‌ನ ಕ್ಲಬ್‌ಗೆ ಹೋಗಿಬರಲು ಗಂಟೆಗಟ್ಟಲೆ ಕಾರಿನಲ್ಲಿ ಕೂರಬೇಕಿತ್ತು. ಅಕ್ಕ ಟೆನಿಸ್‌ನಲ್ಲಿ ಮೇಲೇರುತ್ತಿದ್ದಳು. ಇಬ್ಬರ ಖರ್ಚನ್ನೂ ಮನೆ ತಾಳಲಾರದೆ ಅವನು ಕ್ಲಬ್ ಬಿಟ್ಟ. ಆಗ ಅವನ ಜೊತೆ ಆಡುತ್ತಿದ್ದ ಹುಡುಗರ ಅಪ್ಪ ಅಮ್ಮಂದಿರು, ಖರ್ಚಿಗೆ ನಾವು ಕೈಜೋಡಿಸುತ್ತೇವೆ, ಹುಡುಗ ಬರಲಿ ಎಂದರು. ಅವನು ಮತ್ತೆ ಮೈದಾನಕ್ಕೆ ಬಂದ. ತಮ್ಮ ಮಕ್ಕಳ ಜಾಗಕ್ಕೆ ಪೈಪೋಟಿ ಕೊಡಬಲ್ಲ ಹುಡುಗನನ್ನು ಕರೆತಂದವರು ಅವರು. ಫಿಫಾ ಲೆಕ್ಕದ ಆ ಶೇ. 5ರಲ್ಲಿ ಅವರ ಹೆಸರಿಗೆ ಕಾಲಂ ಇಲ್ಲ.