ಬೆಂಚು ಸಾಲದು, ಅಜ್ಜಿ ಬೇಕು

2022ರ ಫುಟ್‌ಬಾಲ್ ವಿಶ್ವಕಪ್ ನಡೆದಾಗ ಕತಾರಿನಲ್ಲಿ 32 ಬೆಂಚುಗಳನ್ನು ಹಾಕಿದರು, ತಂಡಕ್ಕೊಂದರಂತೆ. ವಿಶ್ವ ಆರೋಗ್ಯ ಸಂಸ್ಥೆಯೂ ಕೈಜೋಡಿಸಿದ್ದ ಈ ಕೆಲಸದ ಹಿಂದೆ ಇದ್ದದ್ದು ಮನಸ್ಸಿನ ಕಾಯಿಲೆಯ ಬಗ್ಗೆ ಜನ ಸಂಕೋಚವಿಲ್ಲದೆ ಮಾತಾಡಲಿ ಎಂಬ ಆಶಯ. ಇದಕ್ಕೆ ಮೂಲ ಜಿಂಬಾಬ್ವೆಯ ‘ಫ್ರೆಂಡ್‌ಶಿಪ್ ಬೆಂಚ್’. ಹರಾರೆಯ ಬಡವರ ಕ್ಲಿನಿಕ್ಕುಗಳ ಅಂಗಳದಲ್ಲಿ ಹುಟ್ಟಿದ ಒಂದು ಯೋಚನೆ ಅಷ್ಟು ದೂರ ಹೋದದ್ದು ಸಂತೋಷದ ವಿಷಯ. ಆದರೆ ದೂರ ಹೋದಂತೆಲ್ಲ ಬೆಂಚು ಕಣ್ಣಿಗೆ ಕಾಣುತ್ತದೆ, ಅದರ ಮೇಲೆ ಕೂತಿದ್ದ ಅಜ್ಜಿ ಮರೆಯಾಗುತ್ತಾಳೆ. ಈ ಪ್ರಯೋಗದ ನಿಜವಾದ ಸತ್ವ ಇರುವುದು ಅವಳಲ್ಲಿ.

2005ರಲ್ಲಿ ಜಿಂಬಾಬ್ವೆಯ ಮನೋವೈದ್ಯ ಡಿಕ್ಸನ್ ಚಿಬಾಂಡಾ ಅವರ ಬಳಿ ಚಿಕಿತ್ಸೆ ಪಡೆಯುತ್ತಿದ್ದ 26 ವರ್ಷದ ಹೆಣ್ಣುಮಗಳೊಬ್ಬಳು ಆತ್ಮಹತ್ಯೆ ಮಾಡಿಕೊಂಡಳು. ಆಸ್ಪತ್ರೆಗೆ ಬರಲು ಬಸ್ಸಿಗೆ ಬೇಕಿದ್ದ 15 ಡಾಲರ್ ಆ ಮನೆಯಲ್ಲಿ ಇರಲಿಲ್ಲ. ಅದೇ ವರ್ಷ ಸರ್ಕಾರ ನಗರಗಳ ಕೊಳೆಗೇರಿಗಳನ್ನು ನೆಲಸಮ ಮಾಡಿತ್ತು. ಮನೆ ಅಥವಾ ಹೊಟ್ಟೆಪಾಡು ಕಳೆದುಕೊಂಡವರು ಸುಮಾರು 7 ಲಕ್ಷ ಎಂದು ವಿಶ್ವಸಂಸ್ಥೆ ಅಂದಾಜು ಮಾಡಿತು. ಇಡೀ ದೇಶಕ್ಕೆ ಇದ್ದ ಮನೋವೈದ್ಯರು ಹತ್ತು ಹನ್ನೆರಡು ಮಂದಿ. ಮರುವರ್ಷ ಹರಾರೆಯ ಎಂಬಾರೆ ಎಂಬ ಬಡಾವಣೆಯಲ್ಲಿ ಚಿಬಾಂಡಾ ಕೆಲಸ ಶುರು ಮಾಡಲು ಹೊರಟಾಗ ಕ್ಲಿನಿಕ್ಕಿನಲ್ಲಿ ಕೋಣೆ ಖಾಲಿ ಇರಲಿಲ್ಲ, ನರ್ಸುಗಳಿಗೆ ಪುರಸೊತ್ತಿರಲಿಲ್ಲ. ಸಿಕ್ಕವರು ಊರಿನ ಆರೋಗ್ಯದ ಕೆಲಸಕ್ಕೆ ಮೊದಲೇ ಓಡಾಡುತ್ತಿದ್ದ 14 ಮಂದಿ ಅಜ್ಜಿಯರು. ಕೂರಲು ಸಿಕ್ಕ ಜಾಗ ಹೊರಗಿನ ಅಂಗಳ. ಮೊದಲು ಅದನ್ನು ಮಾನಸಿಕ ಆರೋಗ್ಯದ ಬೆಂಚು ಎಂದಾಗ ಯಾರೂ ಹತ್ತಿರ ಸುಳಿಯಲಿಲ್ಲ. ಆ ಹೆಸರು ತೆಗೆಯಿರಿ ಎಂದು ಡಾಕ್ಟರಿಗೆ ಹೇಳಿದವರೂ ಅಜ್ಜಿಯರೇ.

ಬೆಂಚಿನ ಮೇಲೆ ನಡೆಯುವುದು ಬರೀ ಸುಖದುಃಖದ ಮಾತಲ್ಲ, ಅದಕ್ಕೊಂದು ಕ್ರಮವಿದೆ. ಮೊದಲಿಗೆ ಹೌದು, ಇಲ್ಲ ಎಂದು ಉತ್ತರಿಸುವ 14 ಪ್ರಶ್ನೆಗಳು. ಯೋಚನೆ ಜಾಸ್ತಿಯಾಗಿದೆಯೇ, ನಿದ್ದೆ ಬರುತ್ತಿದೆಯೇ ಎಂಬಂಥವು. ಅಲ್ಲಿನ ಶೋನಾ ಭಾಷೆಯ ಜನ ತಮ್ಮ ಸಂಕಟವನ್ನು ಹೇಗೆ ಹೇಳಿಕೊಳ್ಳುತ್ತಾರೋ ಅದೇ ಮಾತಿನಲ್ಲಿ ಈ ಪ್ರಶ್ನಾವಳಿಯನ್ನು 1990ರ ದಶಕದಲ್ಲಿ ಹರಾರೆಯಲ್ಲಿದ್ದು ರೂಪಿಸಿದವರು ನಮ್ಮ ವಿಕ್ರಮ್ ಪಟೇಲ್. ಮುಂದೆ ಗೋವಾದ ‘ಸಂಗಾತ್’ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದವರು ಅವರು. ಪ್ರಶ್ನೆ ಮುಗಿದ ಮೇಲೆ ಬಂದವಳು ಬಾಡಿಗೆ ಬಾಕಿ, ಗಂಡನ ಹೊಡೆತ, ಎಚ್‌ಐವಿ ಮಾತ್ರೆ ಬಿಟ್ಟದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಕೊಂಡಳು ಎನ್ನಿ. ಅಜ್ಜಿ ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಇಷ್ಟರಲ್ಲಿ ಮೊದಲು ಯಾವುದನ್ನು ಹಿಡಿಯೋಣ ಎಂದು ಅವಳನ್ನೇ ಕೇಳುತ್ತಾಳೆ. ಅವಳು ಆರಿಸಿದ ಒಂದು ಕಷ್ಟಕ್ಕೆ, ಅವಳ ಕೈಯಲ್ಲೇ ಆಗುವ ಒಂದು ಸಣ್ಣ ಹೆಜ್ಜೆ. ಮುಂದಿನ ಭೇಟಿಯಲ್ಲಿ ಅದು ಏನಾಯಿತು ಎಂಬ ವಿಚಾರಣೆ. ಹೀಗೆ ಆರು ಭೇಟಿ. ಸಾಯುವ ಮಾತು ಬಂದರೆ ಮೇಲ್ವಿಚಾರಕರಿಗೆ ತಕ್ಷಣ ತಿಳಿಸಬೇಕು. ಇದಾದ ಮೇಲೆ ಬೇಕಾದವರು ಗುಂಪಿಗೆ ಸೇರಬಹುದು. ಅಲ್ಲಿ ವೃತ್ತವಾಗಿ ಕೂತು, ಹಳೆಯ ಪ್ಲಾಸ್ಟಿಕ್ ಎಳೆಗಳಿಂದ ಕ್ರೋಶಾ ಕಡ್ಡಿಯಲ್ಲಿ ಚೀಲ ಹೆಣೆಯುತ್ತ ಮಾತಾಡುತ್ತಾರೆ. ಚೀಲ ಮಾರಿದರೆ ನಾಲ್ಕು ಕಾಸೂ ಬರುತ್ತದೆ.

ಇದರಿಂದ ಗುಣವಾಗುತ್ತದೆಯೇ? 2016ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಹರಾರೆಯ 24 ಕ್ಲಿನಿಕ್ಕುಗಳ 573 ಜನರದ್ದು. ಆರು ತಿಂಗಳ ನಂತರ, ಕ್ಲಿನಿಕ್ಕಿನ ಮಾಮೂಲಿ ಚಿಕಿತ್ಸೆ ಮತ್ತು ತಿಳಿವಳಿಕೆ ಪಡೆದವರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣ ಉಳಿದಿತ್ತು. ಅಜ್ಜಿಯರ ಬಳಿ ಕೂತವರಲ್ಲಿ ಅದು ಶೇ 14ಕ್ಕೆ ಇಳಿದಿತ್ತು. ಕಡಿಮೆ ಖರ್ಚಿನಲ್ಲಿ, ಡಿಗ್ರಿ ಇಲ್ಲದವರ ಕೈಯಿಂದ ಇಷ್ಟು ಫಲ ಸಿಕ್ಕದ್ದು ಸಾಮಾನ್ಯ ಸಾಧನೆಯಲ್ಲ.

ಹಾಗೆಂದು ಇಲ್ಲದ್ದನ್ನು ಇದರ ತಲೆಗೆ ಕಟ್ಟಬಾರದು, ಒಂಟಿತನಕ್ಕೂ ಇದೇ ಮದ್ದು ಎನ್ನಬಾರದು. ಆ ಅಧ್ಯಯನ ಮುಖ್ಯವಾಗಿ ಅಳೆದದ್ದು ಆತಂಕ, ಖಿನ್ನತೆಯಂಥ ತೊಂದರೆಗಳನ್ನು, ಒಂಟಿತನವನ್ನಲ್ಲ. ಅಜ್ಜಿಯ ಪಾಲೆಷ್ಟು, ಗುಂಪಿನ ಪಾಲೆಷ್ಟು ಎಂದು ಬಿಡಿಸಿ ಹೇಳಲೂ ಆಗದು. ಅಧ್ಯಯನಕ್ಕೆ ಬಂದವರಲ್ಲಿ ಶೇ 86ರಷ್ಟು ಹೆಂಗಸರು. ಗಂಡಸರಿಗೆ ಎದುರು ಕೂತು ಅಳಲು ಹೇಳಿಕೊಳ್ಳುವುದು ಕಷ್ಟವಿರಬಹುದು. ಆಸ್ಟ್ರೇಲಿಯಾದ ‘ಮೆನ್ಸ್ ಶೆಡ್’ಗಳಲ್ಲಿ ನಿವೃತ್ತ ಗಂಡಸರು ಅಕ್ಕಪಕ್ಕ ನಿಂತು ಮರಗೆಲಸ ಮಾಡುತ್ತ ಮಾತಿಗಿಳಿಯುತ್ತಾರೆ, ಅಂಥ ದಾರಿ ಇಲ್ಲಿಗೂ ಬೇಕು. ಇನ್ನು ಬಾಡಿಗೆಯ ಬಾಕಿಯನ್ನು ಅಜ್ಜಿ ತೀರಿಸಲಾರಳು. ಕೆಲಸ ಕೊಡುವುದು, ಮನೆ ಕೊಡುವುದು ಸರ್ಕಾರದ ಹೊಣೆ. ಬಡತನಕ್ಕೆ ಸಮಾಲೋಚನೆಯೇ ಮದ್ದು ಎಂದು ಸರ್ಕಾರಗಳು ಜಾರಿಕೊಳ್ಳಲು ಇದು ನೆಪವಾಗಬಾರದು.

ನಮ್ಮಲ್ಲಿ ಈ ಕತೆ ಕೇಳಿದವರು ತಕ್ಷಣ ಹೇಳುವ ಮಾತು ಒಂದಿದೆ: ನಮಗೆ ಅರಳಿಕಟ್ಟೆ ಇರಲಿಲ್ಲವೇ? ಇತ್ತು, ಈಗಲೂ ಇದೆ. ಆದರೆ ಅಲ್ಲಿ ಕೂರುವ ಹಕ್ಕು ಎಲ್ಲ ಜಾತಿಯವರಿಗೂ ಇರಲಿಲ್ಲ. ಹೆಂಗಸರಂತೂ ತಲೆ ತಗ್ಗಿಸಿ ದಾಟಿಹೋಗುತ್ತಿದ್ದರು. ಕಟ್ಟೆಯಲ್ಲಿ ಆಡಿದ ಮಾತು ಸಂಜೆಯೊಳಗೆ ಊರೆಲ್ಲ ಸುತ್ತಿ ಬರುತ್ತಿತ್ತು. ನಾಲ್ಕು ಜನ ಸೇರಿದಲ್ಲೆಲ್ಲ ಒಂಟಿತನ ಕರಗುವುದಿಲ್ಲ, ಆ ನಾಲ್ವರ ನಡುವೆಯೇ ಅದು ಹೆಚ್ಚಾಗುವುದೂ ಉಂಟು. ಹೇಳಿದ ಗುಟ್ಟು ಹೊರಗೆ ಹೋಗದು ಎಂಬ ಭರವಸೆ, ಮುಂದಿನ ವಾರವೂ ನನಗಾಗಿ ಒಬ್ಬರು ಕಾದಿರುತ್ತಾರೆ ಎಂಬ ನಂಬಿಕೆ, ಇವೆರಡನ್ನು ಕಟ್ಟೆ ಕೊಡಲಿಲ್ಲ. ಹರಾರೆಯ ಅಜ್ಜಿ ಕೊಟ್ಟಳು.

ಕರ್ನಾಟಕಕ್ಕೆ ಈ ದಾರಿ ಪೂರ್ತಿ ಹೊಸದೇನಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದಿತ್ತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2022ರಿಂದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯೂ ಇದೆ. ಮಾತ್ರೆ ಸಿಗುತ್ತದೆ, ಫೋನಿನಲ್ಲಿ ದನಿ ಸಿಗುತ್ತದೆ. ಗುರುತಿನ ಮುಖವೊಂದು ಇನ್ನೂ ಸಿಗಬೇಕು. ವಾರಕ್ಕೊಮ್ಮೆ ಸೇರುವ ಸ್ತ್ರೀಶಕ್ತಿ ಸಂಘಗಳಲ್ಲಿ, ಪಂಚಾಯಿತಿ ಗ್ರಂಥಾಲಯಗಳಲ್ಲಿ ಇದಕ್ಕೆ ಜಾಗವಿದೆ. ಆದರೆ ಇದನ್ನೂ ಆಶಾ ಕಾರ್ಯಕರ್ತೆಯರ ಹೆಗಲಿಗೆ ಹೇರುವುದು ಅನ್ಯಾಯ. ಇರುವ ಕೆಲಸಕ್ಕೇ ತಕ್ಕ ಗೌರವಧನ ಕೊಡಿ ಎಂದು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತವರು ಅವರು.

ಒಂಟಿತನ ನೀಗಿಸುತ್ತೇವೆ ಎಂದು ಹೊರಡುವ ಯಾವ ಯೋಜನೆಗೂ ಕೇಳಬೇಕಾದ ಪ್ರಶ್ನೆಗಳು ಇಷ್ಟು: ಅಲ್ಲಿ ಕೇಳಿಸಿಕೊಳ್ಳಲು ಕೂರುವವರು ಯಾರು? ಅವರಿಗೆ ಕಲಿಸಿದವರು ಯಾರು, ಅವರು ಕುಸಿದಾಗ ಆಸರೆ ಯಾರು, ಅವರಿಗೆ ಸಂಬಳ ಎಷ್ಟು? ಫ್ರೆಂಡ್‌ಶಿಪ್ ಬೆಂಚಿನ ದೊಡ್ಡತನವೆಂದರೆ, ಕೇಳಿಸಿಕೊಳ್ಳುವುದೂ ಒಂದು ಕಲಿಯಬೇಕಾದ ದುಡಿಮೆ ಎಂದು ಅದು ತೋರಿಸಿಕೊಟ್ಟದ್ದು. ಆ ದುಡಿಮೆಗೆ ಬಜೆಟ್ಟಿನಲ್ಲಿ ಹಣ ಇಡಲು ಸಿದ್ಧವಿದ್ದವರು ಮಾತ್ರ ಅದನ್ನು ಇಲ್ಲಿಗೆ ತರಲಿ.