ಸಡಿಲವೆಂದರೆ ತಪ್ಪಲ್ಲ

ಇಪ್ಪತ್ತೆಂಟು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕೈ ನನ್ನದು. ಮದುವೆಯ ಕರೆಯೋಲೆ ಬಂದರೂ ಕೆಂಪು ಪೆನ್ನು ಹುಡುಕುತ್ತೇನೆಂದು ಮನೆಯವರು ನಗುತ್ತಾರೆ. ಅಂಥವಳು ಮಗಳ ಬೈಕಿನ ಜೊತೆ ಬಂದ ಕೈಪಿಡಿಯನ್ನು ವಿಮರ್ಶೆ ಮಾಡಲು ಹೊರಟರೆ ನೀವು ಆಶ್ಚರ್ಯಪಡಬೇಡಿ. ಕಾದಂಬರಿಯಲ್ಲಿ ಒಂದು ಮಾತು ತಪ್ಪಿದರೆ ಓದುಗರಿಗೆ ಬೇಸರವಾದೀತು, ಅಷ್ಟೆ. ಕೈಪಿಡಿಯಲ್ಲಿ ತಪ್ಪಿದರೆ ಯಾರೋ ಒಬ್ಬರು ನಡುರಾತ್ರಿ ಕಾಡುದಾರಿಯಲ್ಲಿ ನಿಲ್ಲಬೇಕಾಗುತ್ತದೆ.

ಮಗಳು ಪಶುವೈದ್ಯೆ. ಮೂಡಿಗೆರೆಯ ಸುತ್ತಿನ ಎಸ್ಟೇಟುಗಳಿಗೆ, ಒಂಟಿ ಮನೆಗಳಿಗೆ ಹೋಗಬೇಕು. ಮಳೆಗಾಲದ ಆ ಮಣ್ಣುದಾರಿಗೆ ಸ್ಕೂಟರ್ ಸಾಲದೆಂದು ಎತ್ತರದ ಡರ್ಟ್ ಬೈಕು ಕೊಂಡಳು. ಭಾನುವಾರ ಅದರ ಚೈನು ತೊಳೆದು ಎಣ್ಣೆ ಹಾಕುವ ಕೆಲಸವನ್ನು ನಾನೇ ವಹಿಸಿಕೊಂಡೆ. ಹೊಲಿಗೆ ಮಿಷನ್ನಿನ ಬೆಲ್ಟನ್ನು ಕತ್ತರಿಸಿ ಬಿಗಿ ಮಾಡಿ ಅಭ್ಯಾಸವಿದ್ದವಳಿಗೆ ಇದೇನು ಮಹಾ ಅನ್ನಿಸಿತ್ತು.

ಕೈಪಿಡಿಯ ಗುಣವನ್ನು ಮೊದಲು ಹೇಳಬೇಕು. ಕೆಲಸದ ಕ್ರಮ ಚೊಕ್ಕವಾಗಿದೆ. ಹಿಂದಿನ ಚಕ್ರದ ಆಕ್ಸಲ್ ನಟ್ಟು ಸಡಿಲಿಸಿ, ಎರಡೂ ಪಕ್ಕದ ಅಡ್ಜಸ್ಟರುಗಳನ್ನು ಸಮಸಮವಾಗಿ ತಿರುಗಿಸಿ, ಎಡಬಲದ ಗುರುತುಗಳು ಹೊಂದುತ್ತವೆಯೇ ನೋಡಿ, ನಟ್ಟನ್ನು ಬಿಗಿ ಮಾಡಿ ಮತ್ತೆ ಅಳೆಯಿರಿ. ಚೈನನ್ನು ಪೆಟ್ರೋಲಿನಲ್ಲಿ ತೊಳೆಯಬೇಡಿ, ಕೊಂಡಿಗಳ ನಡುವಿನ ರಬ್ಬರ್ ಉಂಗುರ ಹಾಳಾಗುತ್ತದೆ ಎಂದು ಕಾರಣವನ್ನೂ ಕೊಟ್ಟಿದೆ. ಕಾರಣ ಕೊಟ್ಟು ಹೇಳಿದ ಮಾತು ಮರೆಯುವುದಿಲ್ಲ.

ಕಾರಣ ಕೊಡದ ಕಡೆಯಲ್ಲೇ ನಾನು ಎಡವಿದೆ. ಚೈನನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಅದು ಇಷ್ಟು ಮಿಲಿಮೀಟರ್ ಆಡಬೇಕು ಎಂದಿದೆ. ಏಕೆ ಎಂದಿಲ್ಲ. ಎರಡು ಮಳೆಗಾಲ ಕಂಡ ಚೈನು, ಜೋಲುಬಿದ್ದಿತ್ತು. ಜೋಲಿದ್ದ ಜಾಗದಲ್ಲೇ ಅಳೆದು, ಹೇಳಿದ್ದಕ್ಕಿಂತ ಒಂದಿಷ್ಟು ಹೆಚ್ಚೇ ಬಿಗಿ ಮಾಡಿದೆ. ಸಡಿಲ ಎಂಬ ಮಾತನ್ನು ನಾವು ಒಳ್ಳೆಯ ಅರ್ಥದಲ್ಲಿ ಕಲಿತವರಲ್ಲ. ಜಡೆ ಬಿಗಿಯಾಗಿರಬೇಕು, ತರಗತಿ ಬಿಗಿಯಾಗಿರಬೇಕು.

ಮೂರನೆಯ ರಾತ್ರಿ ಹಸುವಿನ ಹೆರಿಗೆ ಮುಗಿಸಿ ಬರುವಾಗ, ಚಕ್ರ ಒಂದು ಗುಂಡಿಗೆ ಇಳಿದು ಎದ್ದದ್ದೇ ಚೈನು ಕಿತ್ತುಹೋಯಿತು. ಏರಿನಲ್ಲಿ ನಿಧಾನವಾಗಿ ಬರುತ್ತಿದ್ದಳು, ಬೀಳಲಿಲ್ಲ. ಮಳೆಯಲ್ಲಿ ಬೈಕು ತಳ್ಳಿಕೊಂಡು ಮನೆ ಸೇರಿದಳು. ಇಳಿಜಾರಾಗಿದ್ದರೆ, ಕಿತ್ತ ಚೈನು ಚಕ್ರಕ್ಕೆ ಸಿಕ್ಕಿಕೊಂಡಿದ್ದರೆ ಎಂದು ನೆನೆದು ನನಗೆ ನಿದ್ದೆ ಹತ್ತಲಿಲ್ಲ. ಅವಳು ಕೇಳಿದ್ದು ಇಷ್ಟೇ: "ಯಾಕಮ್ಮಾ ಇಷ್ಟು ಬಿಗಿ ಮಾಡಿದೆ?"

ಗ್ಯಾರೇಜಿನ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಚೈನನ್ನೂ ಹಿಂದುಮುಂದಿನ ಸ್ಪ್ರಾಕೆಟ್‌ಗಳನ್ನೂ ಒಟ್ಟಿಗೇ ಬದಲಿಸಿದ. ಹಳೆಯವುಗಳ ಹಲ್ಲು ಕೊಕ್ಕೆಯಂತೆ ಬಾಗಿತ್ತು. ಆಮೇಲೆ, "ಸೀಟು ಒತ್ತಿ ನೋಡಿ ಟೀಚರ್" ಅಂದ. ಒತ್ತಿದಂತೆ ಚೈನು ಬಿಗಿಯಾಗುತ್ತಾ ಬಂತು. ಮುಂದಿನ ಸ್ಪ್ರಾಕೆಟ್, ಹಿಂಚಕ್ರವನ್ನು ಹಿಡಿದ ತೋಳು ತಿರುಗುವ ಕೀಲು, ಚಕ್ರದ ಆಕ್ಸಲ್ ಈ ಮೂರೂ ಒಂದೇ ಗೆರೆಗೆ ಬಂದಾಗ ಚೈನು ಅತಿ ಬಿಗಿ. ಡರ್ಟ್ ಬೈಕಿನ ಚಕ್ರ ಹೆಚ್ಚು ಎತ್ತರಕ್ಕೆ ಏರಿಳಿಯುತ್ತದೆ, ಅದಕ್ಕೇ ಸಡಿಲವೂ ಹೆಚ್ಚು ಬೇಕು. ಜೊತೆಗೆ ಚೈನು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಚಕ್ರ ತಿರುಗಿಸುತ್ತಾ ನಾಲ್ಕಾರು ಕಡೆ ಅಳೆದು, ಅತಿ ಬಿಗಿಯಾದ ಜಾಗಕ್ಕೆ ಅಳತೆ ಹೊಂದಿಸಬೇಕು. ನಾನು ಮಾಡಿದ್ದು ಸರಿಯಾಗಿ ಉಲ್ಟಾ.

ಮನೆಗೆ ಬಂದು ಕೈಪಿಡಿ ತಿರುವಿದೆ. ಎರಡನೆಯ ಮಾತು ಇದೆ, ಎರಡು ಪುಟದಾಚೆ, ಸಣ್ಣ ಅಕ್ಷರದ ಟಿಪ್ಪಣಿಯಲ್ಲಿ. ಮೊದಲನೆಯದು ಇಲ್ಲವೇ ಇಲ್ಲ. ಎಂಜಿನ್ ಓಡುವಾಗ ಚೈನಿಗೆ ಕೈ, ಬಟ್ಟೆ ತಾಗಿಸಬೇಡಿ ಎಂಬ ಎಚ್ಚರಿಕೆ, ಟೈರಿಗೆ ಎಣ್ಣೆ ಸಿಡಿಯದಿರಲಿ ಎಂಬುದರ ಕೆಳಗೆ ಕೂತಿದೆ. ಬೆರಳು ಹೋಗುವ ವಿಷಯ ಮೊದಲ ಸಾಲಿನಲ್ಲಿ ಬರಬೇಡವೇ?

ಮೋಟಾರ್‌ಸೈಕಲ್ ರಿಪೇರಿಯ ಹೆಸರಿಟ್ಟುಕೊಂಡು ತತ್ವ ಹೇಳಿದ ರಾಬರ್ಟ್ ಪಿರ್ಸಿಗ್ ಅವರ ಇಂಗ್ಲಿಷ್ ಪುಸ್ತಕ 1974ರಲ್ಲಿ ಬಂತು. ಕೈಪಿಡಿ ಬರೆಯುವುದನ್ನೇ ಉದ್ಯೋಗ ಮಾಡಿದ್ದವರು ಅವರು. ಕೈಪಿಡಿಗಳನ್ನು ದೂರ ನಿಂತು ನೋಡುವವರಂತೆ ಬರೆಯುತ್ತಾರೆಂಬುದು ಅವರ ದೂರು. ನಮ್ಮ ಕೈಪಿಡಿಗೂ ಅದು ಸಲ್ಲುತ್ತದೆ. ಅದರ ಚಿತ್ರದಲ್ಲಿ ಸ್ಪ್ಯಾನರ್ ಹಿಡಿದ ಕೈಗೆ ಒಂದು ಚೂರೂ ಮಸಿಯಿಲ್ಲ.

ಹಾಗೆಂದು ಎಲ್ಲವನ್ನೂ ಪುಸ್ತಕದ ಮೇಲೆ ಹೊರಿಸಲಾರೆ. ಬರೆದ ಅಳತೆಗಿಂತ ಬಿಗಿ ಮಾಡಿದವಳು ನಾನು. ಕಾರಣ ಹೇಳದೆ ಸಂಧಿ ಸಮಾಸಗಳನ್ನು ಬಾಯಿಪಾಠ ಮಾಡಿಸಿದವಳೂ ನಾನೇ. ಆ ಗ್ಯಾರೇಜಿನ ಹುಡುಗನಿಗೂ ಮಾಡಿಸಿದ್ದೆ.

ಕೈಪಿಡಿಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ಕಾರಣ ಬರೆಯಿರಿ' ಎಂದು ಬರೆದಿದ್ದೇನೆ. ಈಗ ಭಾನುವಾರ ಮಗಳು ಚಕ್ರ ತಿರುಗಿಸುತ್ತಾಳೆ, ನಾನು ಸ್ಕೇಲು ಹಿಡಿಯುತ್ತೇನೆ. ಎಲ್ಲಿ ನಿಲ್ಲಿಸಬೇಕೆಂದು ಅವಳೇ ಹೇಳುತ್ತಾಳೆ.